ಹಲ್ಲಿನ ಕ್ಯಾಪ್: ಆಯುಷ್ಯವಿರುವುದು ಅಂಚಿನಲ್ಲಿ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಸ್ಥಳವೇ ನೇಕಾರನ ಕೈಗೆ ಪರೀಕ್ಷೆ. ಹಲ್ಲಿಗೆ ತೊಡಿಸುವ ಕ್ಯಾಪ್‌ನ ಸಂಗತಿಯೂ ಹೆಚ್ಚು ಕಡಿಮೆ ಇದೇ. ಗಿರಾಕಿಯು ಬಣ್ಣ, ಹೊಳಪು ನೋಡಿ ಒಪ್ಪುತ್ತಾನೆ. ಅದರ ಆಯುಷ್ಯ ನಿರ್ಧಾರವಾಗುವುದು ವಸಡಿನ ಬಳಿ, ಕಣ್ಣಿಗೆ ಬೀಳದ ಅಂಚಿನಲ್ಲಿ.

ಬಾಗಲಕೋಟೆಯಲ್ಲಿ ಬ.ವಿ.ವ. ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿರುವುದರಿಂದ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಆದರೆ ಬಾದಾಮಿಯಾಗಲಿ ಹುನಗುಂದವಾಗಲಿ, ಕ್ಯಾಪ್ ಸಾಮಾನ್ಯವಾಗಿ ಇಬ್ಬರ ಕೈಕೆಲಸ. ವೈದ್ಯರು ಹಲ್ಲನ್ನು ಅರೆದು ಅಳತೆ ತೆಗೆಯುತ್ತಾರೆ. ರೋಗಿಯ ಮುಖವನ್ನೇ ಕಾಣದ ಲ್ಯಾಬಿನ ಕುಶಲಕರ್ಮಿ ಕ್ಯಾಪ್ ತಯಾರಿಸುತ್ತಾನೆ. ತೊಂದರೆ ಹುಟ್ಟುವುದು ಹೆಚ್ಚಾಗಿ ಈ ಇಬ್ಬರ ನಡುವೆ.

ಲೋಹದ ಮೇಲೆ ಪಿಂಗಾಣಿ ಕೂಡಿಸುವ ಕ್ಯಾಪ್‌ಗೆ ತುಟಿಯ ಕಡೆ ಸುಮಾರು 1.2ರಿಂದ 1.5 ಮಿಲಿಮೀಟರ್ ಸ್ಥಳ ಬೇಕು. ಹಲ್ಲನ್ನು ಅಷ್ಟು ಅರೆಯದಿದ್ದರೆ ಲ್ಯಾಬಿನವನು ಲೋಹವನ್ನು ತೆಳುವಾಗಿಸಲಾರ, ಲೋಹದ ಬಣ್ಣ ಕಾಣದಂತೆ ಪಿಂಗಾಣಿಯನ್ನೂ ಕಡಿಮೆ ಮಾಡಲಾರ. ಕ್ಯಾಪ್ ಹೊಟ್ಟೆ ಬಿಡುತ್ತದೆ. ಉಬ್ಬಿನ ಕೆಳಗೆ ಬ್ರಷ್ ತಲುಪದೆ ಪಾಚಿ ಕಟ್ಟಿ, ವಸಡು ಊದಿ ರಕ್ತ ಒಸರುತ್ತದೆ. 'ಕ್ಯಾಪ್ ಒಗ್ಗಲಿಲ್ಲ' ಎಂದು ರೋಗಿ ಹೇಳುವುದು ಆಗ. ಉಬ್ಬು ಆಹಾರವನ್ನು ಹೊರಕ್ಕೆ ಜಾರಿಸಿ ವಸಡನ್ನು ಕಾಯುತ್ತದೆ ಎಂದು ಹಿಂದಿನವರು ನಂಬಿದ್ದುಂಟು; ಮುಂದಿನ ಸಂಶೋಧನೆ ಅದನ್ನು ಪುಷ್ಟೀಕರಿಸಲಿಲ್ಲ. ವಸಡಿನಿಂದ ಹೊರಬರುವಲ್ಲಿ ಕ್ಯಾಪ್‌ನ ಮೈ ಸಪಾಟಾಗಿರುವುದೇ ಲೇಸು.

ಅಂಚು ಎಷ್ಟು ಆಳಕ್ಕೆ ಇಳಿಯಬೇಕು? ಎಲುಬಿನ ಮೇಲೆ ವಸಡು ಹಲ್ಲಿಗೆ ಅಂಟಿಕೊಂಡಿರುವ ಭಾಗ ಸರಾಸರಿ 2 ಮಿಲಿಮೀಟರ್ ಎಂದು 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಅಳೆದು ತೋರಿಸಿದರು. ಕ್ಯಾಪ್ ಅಲ್ಲಿಗೆ ನುಗ್ಗಿದರೆ ಉರಿಯೂತ ಶಮನವಾಗದು, ಎಲುಬೂ ಹಿಂಜರಿಯಬಹುದು. ಆದ್ದರಿಂದ ದವಡೆ ಹಲ್ಲುಗಳಲ್ಲಿ ಸಾಧ್ಯವಾದಷ್ಟು ಅಂಚನ್ನು ವಸಡಿನ ಮೇಲೆಯೇ ನಿಲ್ಲಿಸಬೇಕು. ನಗುವಾಗ ಕಾಣುವ ಹಲ್ಲುಗಳಲ್ಲಿ ಮರೆಮಾಡಲೇಬೇಕಾದರೆ ಅರ್ಧ ಮಿಲಿಮೀಟರ್ ಸಾಕು.

ಹಲ್ಲುಗಳ ಸಂದಿಯನ್ನು ಪಿಂಗಾಣಿಯಿಂದ ತುಂಬಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ನೋಡಲು ಅಂದ, ಸಂದಿಯ ಬ್ರಷ್ ತೂರಲು ಜಾಗವಿಲ್ಲ. ಬ್ರಿಜ್‌ನಲ್ಲಿ ನಡುವಿನ ಕೃತಕ ಹಲ್ಲಿನ ತಳವು ಜೀನಿನಂತೆ ವಸಡನ್ನು ಅಪ್ಪಿಕೊಳ್ಳದೆ, ಉಬ್ಬಿ ನುಣುಪಾಗಿ ಹಗುರವಾಗಿ ತಾಗಬೇಕು.

ಅಂಚಿನ ಬಿರುಕು 120 ಮೈಕ್ರಾನ್ ಮೀರಬಾರದೆಂಬ, 1971ರ ಅಧ್ಯಯನವೊಂದರಿಂದ ಬಂದ ಮಿತಿಯನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಸ್ಕ್ಯಾನರ್, ಗಣಕಯಂತ್ರ, ಜಿರ್ಕೋನಿಯಾ ಬಂದ ಮೇಲೆ ಇದು ಸುಲಭವಾಯಿತೆಂಬುದು ಅರ್ಧ ಸತ್ಯ. ರಕ್ತ, ಜೊಲ್ಲು ಮುಚ್ಚಿದ ಅಂಚನ್ನು ಸ್ಕ್ಯಾನರ್ ಕಾಣದು; ಕಾಣದ್ದನ್ನು ಯಂತ್ರವೂ ಊಹೆಯ ಮೇಲೆಯೇ ಕಡೆಯುತ್ತದೆ.

ಅಂಚು ಅಸ್ಪಷ್ಟವಾದ ಅಳತೆಯನ್ನು ಹಿಂದಿರುಗಿಸಿದರೆ ಲ್ಯಾಬಿಗೆ ಒಂದು ದಿನ ತಡ. ಹಾಗೆಯೇ ಕೆಲಸ ಮಾಡಿ ಕ್ಯಾಪ್ ತಿರಸ್ಕೃತವಾದರೆ ಲೋಹ, ಪಿಂಗಾಣಿ, ಕುಲುಮೆಯ ವಿದ್ಯುತ್ತು, ಕೊರಿಯರ್ ಎಲ್ಲವೂ ಎರಡು ಬಾರಿ. ಗಿರಾಕಿ ಕೈಬಿಟ್ಟುಹೋಗುತ್ತಾನೆಂಬ ಅಂಜಿಕೆಯಿಂದ ಸಣ್ಣ ಲ್ಯಾಬುಗಳು ಹಿಂದಿರುಗಿಸಲು ಹಿಂಜರಿಯುತ್ತವೆ. ಅಳತೆ ಯಾವಾಗ ವಾಪಸಾಗಬಹುದು, ಮರುತಯಾರಿಯ ವೆಚ್ಚ ಯಾರದು ಎಂಬ ಎರಡು ಮಾತುಗಳನ್ನು ಕೆಲಸದ ಚೀಟಿಯಲ್ಲಿ ಮೊದಲೇ ಬರೆದುಕೊಂಡರೆ ಈ ಅಂಜಿಕೆಗೆ ಆಸ್ಪದವಿರದು.