ಕಾಣದ ಸವೆತ

ಮೇಲೂರು ರೇಷ್ಮೆಯ ಸೀಮೆಯ ಊರು. ಶಿಡ್ಲಘಟ್ಟ ತಾಲ್ಲೂಕಿನ ಈ ಭಾಗದಲ್ಲಿ ಆಯುಧಪೂಜೆ ಬಂದಿತೆಂದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲಿಗೂ ಕುಂಕುಮವೇರುತ್ತದೆ. ಅದೇ ಹಬ್ಬದಲ್ಲಿ ನಮ್ಮ ನಾಡಿನ ಪೊಲೀಸ್ ಠಾಣೆಗಳಲ್ಲಿ ಬಂದೂಕು, ರಿವಾಲ್ವರುಗಳೂ ಹೂ ಮುಡಿದು ಕುಳಿತಿರುತ್ತವೆ. ಎರಡೂ ದುಡಿಯುವ ಉಕ್ಕೇ. ಆದರೆ ಕುಡುಗೋಲಿನ ಸವೆತ ಅಲಗಿನಲ್ಲಿಯೇ ಕಾಣುತ್ತದೆ; ರಿವಾಲ್ವರಿನದು ಒಳಗೆ ಅಡಗಿರುತ್ತದೆ.

ಮೊದಲಿನ ರಿವಾಲ್ವರುಗಳಲ್ಲಿ ಪ್ರತಿಯೊಂದು ಗುಂಡಿಗೂ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕಾಗಿತ್ತು. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸ್ ಎಂಬಾತನು, ಟ್ರಿಗರನ್ನು ಎಳೆದರೆ ಸಾಕು, ಕುದುರೆ ತಾನೇ ಎದ್ದು ಬೀಳುವಂತೆ ಮಾಡಿದನು. ಕೆಲವೇ ವರ್ಷಗಳಲ್ಲಿ ಎರಡು ಬಗೆಯೂ ಒಂದೇ ಆಯುಧದಲ್ಲಿ ಕೂಡಿದವು. ಇದೇ ‘ಡಬಲ್ ಆಕ್ಷನ್’.

ಈ ಅನುಕೂಲಕ್ಕೆ ಬೆಲೆ ತೆತ್ತುದು ಒಳಗಿನ ಬಿಡಿಭಾಗಗಳು. ಬೆರಳಿನ ಒಂದೇ ಎಳೆತಕ್ಕೆ ಪುಟ್ಟ ಕೊಂಡಿಯೊಂದು ಹಲ್ಲನ್ನು ತಳ್ಳಿ, ಗುಂಡುಗಳನ್ನು ಹೊತ್ತ ಸಿಲಿಂಡರನ್ನು ಒಂದು ಮನೆಯಷ್ಟು ತಿರುಗಿಸಬೇಕು. ಮತ್ತೊಂದು ತಡೆ ಅದನ್ನು ಗಕ್ಕನೆ ಹಿಡಿದು ನಿಲ್ಲಿಸಬೇಕು. ಆಮೇಲೆಯೇ ಕುದುರೆ ಬೀಳಬೇಕು. ಬಿರುಸಾಗಿ ಎಳೆದಷ್ಟೂ ಸಿಲಿಂಡರು ತಡೆಗೆ ಬಲವಾಗಿ ಬಡಿಯುತ್ತದೆ. ಕೊಂಡಿಯ ಮೂಗು, ಹಲ್ಲಿನ ಅಂಚು, ತಡೆ ಕೂರುವ ಕಚ್ಚು ದಿನದಿನದ ಬಳಕೆಯಿಂದ ಸವೆಯುತ್ತ ಹೋದರೆ, ಗುಂಡಿನ ಮನೆ ನಳಿಗೆಗೆ ನೇರವಾಗಿ ನಿಲ್ಲದು. ಆಗ ಹೊರಡುವ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರುಗಳನ್ನು ಪಕ್ಕಕ್ಕೆ ಸಿಡಿಸುತ್ತದೆ. ಗುರಿ ತಪ್ಪುವ ಮಾತು ಹಾಗಿರಲಿ, ಬಳಿ ನಿಂತವನಿಗೇ ಗಾಯವಾದೀತು.

ಹಾಗಾದರೆ ಈ ಯಂತ್ರಕ್ಕೆ ಬಾಳಿಕೆಯಿಲ್ಲವೆ? ಹಾಗೆನ್ನಲಾಗದು. 1877ರ ಕೋಲ್ಟ್ ಮಾದರಿ ನಾಜೂಕು ಸ್ಪ್ರಿಂಗುಗಳಿಂದಾಗಿ ಬೇಗ ಕೆಡುವುದೆಂದು ಹೆಸರಾಯಿತು. ಸ್ಮಿತ್ ಅಂಡ್ ವೆಸ್ಸನ್ 1899ರಲ್ಲಿ ಹೊರತಂದ ಮಾದರಿಯ ವಂಶವಾದರೋ ಇಂದಿಗೂ ತಯಾರಾಗುತ್ತಿದೆ. ರಚನೆ ಗಟ್ಟಿಯಾಗಿದ್ದರೆ ಯಂತ್ರ ತಲೆಮಾರುಗಳನ್ನು ಕಾಣಬಲ್ಲದು. ಆದರೆ ಅದು ಅರ್ಧ ಮಾತು. ಉಳಿದರ್ಧ ಇಟ್ಟುಕೊಂಡವನ ಕೈಯಲ್ಲಿದೆ. ಬಳಸದೆ ಚರ್ಮದ ಚೀಲದಲ್ಲಿಯೇ ಇಟ್ಟ ರಿವಾಲ್ವರು ಕೂಡ ಸುಖವಾಗಿರುವುದಿಲ್ಲ. ತೇವಕ್ಕೆ ತುಕ್ಕು ಹಿಡಿಯುತ್ತದೆ, ಒಳಗಿನ ಎಣ್ಣೆ ಅಂಟಾಗುತ್ತದೆ.

ಕೊಡವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಗೊಳಿಸಿ, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಹೂವಿಗೆ ಮುಂಚಿನ ಆ ಶುಚಿಯಲ್ಲಿಯೇ ಹಬ್ಬದ ವಿವೇಕವಿದೆಯೆಂದು ನನಗೆ ತೋರುತ್ತದೆ. ಠಾಣೆಯ ರಿವಾಲ್ವರಿಗೂ ಅದು ಸಲ್ಲಬೇಕು. ಗುಂಡುಗಳನ್ನೆಲ್ಲ ತೆಗೆದು, ಮನೆಗಳು ಬರಿದೆಂದು ಎರಡು ಬಾರಿ ನೋಡಿ, ಬಲ್ಲವರು ಟ್ರಿಗರನ್ನು ನಿಧಾನವಾಗಿ ಎಳೆಯಲಿ. ಸಿಲಿಂಡರು ತಡೆಗೆ ಕಚ್ಚಿಕೊಳ್ಳುವ ಮುನ್ನವೇ ಕುದುರೆ ಬಿದ್ದರೆ, ಅದಕ್ಕೆ ಬೇಕಾದುದು ಕುಂಕುಮವಲ್ಲ, ರಿಪೇರಿ.

ಕುಡುಗೋಲು ಮೊಂಡಾದರೆ ಹುಳುವಿನ ಸೊಪ್ಪು ಗಳಿಗೆ ತಡವಾದೀತು. ರಿವಾಲ್ವರು ಸವೆದುದನ್ನು ಕಾಣದೆ ಹೋದರೆ, ಅದನ್ನು ನಂಬಿ ರಾತ್ರಿ ಗಸ್ತು ಹೊರಟವನು ಮನೆಗೆ ಮರಳದಿರಬಹುದು.