ಬೆನ್ನುಮೂಳೆಗೆ ಸಿಮೆಂಟು: ಚಿಕಿತ್ಸೆಯ ಲಾಭ, ವೆಚ್ಚದ ಲೆಕ್ಕ

ಅಂಗಡಿಗಳ ನಾಮಫಲಕಕ್ಕೆ ಬಳಸುವ ಅಕ್ರಿಲಿಕ್ ಹಾಳೆಯ ಮೂಲವಸ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್. ವೃದ್ಧರ ಕುಸಿದ ಬೆನ್ನುಮೂಳೆಗೆ ವೈದ್ಯರು ತುಂಬುವ ಸಿಮೆಂಟು ಕೂಡ ಇದೇ ವಸ್ತುವಿನದು.

ಆಸ್ಟಿಯೋಪೊರೋಸಿಸ್‌ನಿಂದ ಟೊಳ್ಳಾದ ಮೂಳೆ ಮುರಿಯಲು ಬೀಳಲೇಬೇಕೆಂದಿಲ್ಲ. ಬಗ್ಗಿ ಕೊಡ ಎತ್ತಿದರೂ ಸಾಕು. ಋತುಬಂಧದ ನಂತರದ ಮಹಿಳೆಯರಲ್ಲಿ ಇದು ಹೆಚ್ಚು. ವಿಶ್ರಾಂತಿ, ನೋವುನಿವಾರಕ ಮತ್ತು ಬೆನ್ನುಪಟ್ಟಿಗಳೇ ಇದಕ್ಕೆ ಹಿಂದಿನಿಂದ ಬಂದ ಚಿಕಿತ್ಸೆ.

1984ರಲ್ಲಿ ಫ್ರಾನ್ಸಿನ ಅಮಿಯಾ ನಗರದ ವೈದ್ಯರು ಕುತ್ತಿಗೆಯ ಮೂಳೆಯ ಗಡ್ಡೆಯೊಂದಕ್ಕೆ ಸೂಜಿಯ ಮೂಲಕ ಸಿಮೆಂಟು ತುಂಬಿದರು. ಮುಂದೆ ಈ ವರ್ಟಿಬ್ರೊಪ್ಲಾಸ್ಟಿ ವಿಧಾನವು ಮೂಳೆಮುರಿತಕ್ಕೂ ಬಳಕೆಯಾಯಿತು. ಎಕ್ಸ್‌ರೇ ನೋಡುತ್ತ ಚರ್ಮದ ಮೂಲಕವೇ ಸೂಜಿ ಇಳಿಸುವುದರಿಂದ ದೊಡ್ಡ ಗಾಯವಿಲ್ಲ. ಸಿಮೆಂಟು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮೊದಲು ಬಲೂನು ಉಬ್ಬಿಸಿ ಜಾಗ ಮಾಡಿಕೊಳ್ಳುವ ಕೈಫೊಪ್ಲಾಸ್ಟಿ 1998ರಲ್ಲಿ ಬಂದಿತು. ಇದನ್ನು ಮಾರುಕಟ್ಟೆಗೆ ತಂದ ಕೈಫಾನ್ ಕಂಪನಿಯನ್ನು 2007ರಲ್ಲಿ ಮೆಡ್‌ಟ್ರಾನಿಕ್ ಸುಮಾರು 390 ಕೋಟಿ ಡಾಲರಿಗೆ ಖರೀದಿಸಿತು.

ಮರುವರ್ಷವೇ ಆ ಘಟಕವು ಅಮೆರಿಕ ಸರ್ಕಾರಕ್ಕೆ 7.5 ಕೋಟಿ ಡಾಲರ್ ತೆತ್ತು ಪ್ರಕರಣವೊಂದನ್ನು ರಾಜಿ ಮಾಡಿಕೊಂಡಿತು. ಅದೇ ದಿನ ಮನೆಗೆ ಕಳುಹಿಸಬಹುದಾದ ರೋಗಿಗಳನ್ನು ಒಳರೋಗಿಗಳೆಂದು ದಾಖಲಿಸಿ ಹೆಚ್ಚಿನ ಬಿಲ್ಲು ಮಾಡುವಂತೆ ಆಸ್ಪತ್ರೆಗಳನ್ನು ಪ್ರೇರೇಪಿಸಿದ ಆರೋಪ ಅದರ ಮೇಲಿತ್ತು. ದೂರಿದವರು ಕಂಪನಿಯ ಮಾಜಿ ನೌಕರರೇ!

ವೈದ್ಯಕೀಯ ಪರೀಕ್ಷೆ ಇದಕ್ಕಿಂತ ಕಠಿಣವಾಯಿತು. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಕೆಲವು ರೋಗಿಗಳಿಗೆ ಸಿಮೆಂಟು ತುಂಬದೆ ಚಿಕಿತ್ಸೆಯ ನಟನೆಯಷ್ಟನ್ನೇ ಮಾಡಲಾಯಿತು. ಸಂಶಯ ಬಾರದಿರಲೆಂದು ಸಿಮೆಂಟಿನ ವಾಸನೆಯನ್ನೂ ಕೊಠಡಿಯಲ್ಲಿ ಹರಡಲಾಗಿತ್ತು. ಎರಡೂ ಗುಂಪುಗಳಲ್ಲಿ ನೋವು ಹೆಚ್ಚುಕಡಿಮೆ ಸಮನಾಗಿಯೇ ತಗ್ಗಿತು. 2016ರ ಆಸ್ಟ್ರೇಲಿಯಾದ ಅಧ್ಯಯನವು ತೀವ್ರ ನೋವಿನ, ಆರು ವಾರದೊಳಗಿನ ಮುರಿತಗಳಲ್ಲಿ ಪ್ರಯೋಜನ ಕಂಡಿತು. 2018ರ ನೆದರ್ಲೆಂಡ್ಸ್ ಅಧ್ಯಯನ ಕಾಣಲಿಲ್ಲ. ತಜ್ಞರಲ್ಲಿ ಒಮ್ಮತ ಮೂಡಿಲ್ಲ.

ಆದ್ದರಿಂದ ತಾಯಿಯ ಬೆನ್ನುನೋವಿಗೆ ಆಸ್ಪತ್ರೆಯ ಅಂದಾಜುಪಟ್ಟಿ ಕೈಸೇರಿದಾಗ, ಸಹಿಗೆ ಮುನ್ನ ವರ್ತಕರು ಕೇಳಬೇಕಾದುದುಂಟು. ಮುರಿತ ಎಷ್ಟು ದಿನದ್ದು? ಅದು ಹೊಸದೆಂದು ಎಂ.ಆರ್.ಐ. ತೋರಿಸುತ್ತಿದೆಯೇ? ಕೆಲವು ವಾರ ಔಷಧಿಯಲ್ಲಿ ಕಾಯಬಹುದೇ? ಸಿಮೆಂಟು ಸೋರುವ ಅಪಾಯವೆಷ್ಟು? ಸಿಮೆಂಟು ಒಂದು ಮೂಳೆಯನ್ನು ಹಿಡಿದಿಡಬಹುದು, ಮೂಲರೋಗವನ್ನಲ್ಲ. ಮೂಳೆ ಬಲಪಡಿಸುವ ಔಷಧಿ ಆರಂಭಿಸದಿದ್ದರೆ ಮತ್ತೊಂದು ಮುರಿತದ ಸಂಭವ ಉಳಿದೇ ಇರುತ್ತದೆ.

ವಿಮೆಯ ವಿಷಯದಲ್ಲಿ, ನಮ್ಮ ಪಾಲಿಸಿಗಳು ಸಾಮಾನ್ಯವಾಗಿ 24 ಗಂಟೆಯ ದಾಖಲಾತಿ ಬಯಸುತ್ತವೆ. ಡೇ-ಕೇರ್ ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ಆ ಪಟ್ಟಿಯಲ್ಲಿ ಇದು ಸೇರಿದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಲಿಖಿತವಾಗಿಯೇ ಪಡೆಯಬೇಕು. ಬಲೂನು ಕಿಟ್ಟಿನ ದರವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಆಸ್ಪತ್ರೆಯನ್ನು ಕೇಳಬೇಕು.