ಕಾಲೇ ಚಾಟಿಯಾಗುವ ಆಟ

ಮಕ್ಕಳೇ, ಕಬ್ಬನ್ನು ಮೊಣಕಾಲಿಗೆ ಒತ್ತಿ ಮುರಿದಿದ್ದೀರಲ್ಲವೇ? ಮಂಡ್ಯ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ಮುರಿಯುವಾಗ ಒಂದು ವಿಷಯ ಗಮನಿಸಿ. ಕಬ್ಬು ಮೊದಲು ಬಿರಿಯುವುದು ಮೊಣಕಾಲಿಗೆ ತಾಗಿದ ಕಡೆಯಲ್ಲ, ಅದರ ಎದುರು ಮಗ್ಗುಲಲ್ಲಿ. ಟೇಕ್ವಾಂಡೊ ಆಟಗಾರರು ಒಂದೇ ಒದೆತಕ್ಕೆ ಹಲಗೆ ಮುರಿಯುವ ಗುಟ್ಟಿನಲ್ಲಿ ಇದೂ ಒಂದು.

ಟೇಕ್ವಾಂಡೊ ಕೊರಿಯಾ ದೇಶದ ಕಲೆ. ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ದಾರಿ. ಈ ಹೆಸರು ಬಂದದ್ದು 1955ರಲ್ಲಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನದ ಆಟವಾಗಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟವಾಯಿತು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಹರಿಯಾಣದ ಅರುಣಾ ತನ್ವರ್ ಭಾರತದ ಪರವಾಗಿ ಈ ಆಟದಲ್ಲಿ ಸ್ಪರ್ಧಿಸಿದರು. ಹುಟ್ಟಿನಿಂದಲೇ ಅವರ ಕೈಗಳಲ್ಲಿ ಊನವಿದೆ. ಆದರೆ ಈ ಆಟದಲ್ಲಿ ಹೆಚ್ಚಿನ ಕೆಲಸ ಕಾಲಿನದೇ ಅಲ್ಲವೇ!

ಹಿಂದೆ ನಮ್ಮ ಊರುಗಳಲ್ಲಿ ಮೈ ಹುರಿಗೊಳಿಸಲು ಗರಡಿ ಮನೆಗಳಿದ್ದವು. ಈಗ ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳ ಮಕ್ಕಳೂ ಬಿಳಿ ಉಡುಪು ತೊಟ್ಟು ಟೇಕ್ವಾಂಡೊ ಕಲಿಯುತ್ತಾರೆ. ಹೊಸಬರಿಗೆ ಬಿಳಿ ಪಟ್ಟಿ. ಕಲಿತಂತೆ ಬಣ್ಣ ಬದಲಾಗಿ ಕೊನೆಗೆ ಕಪ್ಪು ಪಟ್ಟಿ ಸಿಗುತ್ತದೆ.

ಒದೆತಕ್ಕೆ ಬಲ ಎಲ್ಲಿಂದ?

ಎತ್ತಿನ ಗಾಡಿಯವರ ಚಾಟಿಯನ್ನು ನೋಡಿ. ಅವರ ಕೈ ಸ್ವಲ್ಪವೇ ಆಡುತ್ತದೆ. ಆದರೆ ಚಾಟಿಯ ತುದಿ ಬಹಳ ವೇಗವಾಗಿ ಚಲಿಸುತ್ತದೆ. ದಪ್ಪ ಬುಡದ ಶಕ್ತಿ ತೆಳು ತುದಿಗೆ ಸಾಗುವಾಗ ವೇಗ ಹೆಚ್ಚುತ್ತದೆ. ಟೇಕ್ವಾಂಡೊ ಒದೆತವೂ ಹೀಗೆಯೇ. ಮೊದಲು ಸೊಂಟ ತಿರುಗುತ್ತದೆ, ನಂತರ ತೊಡೆ, ಕೊನೆಗೆ ಮೊಣಕಾಲು ಬಿಚ್ಚಿ ಪಾದ ಚಿಮ್ಮುತ್ತದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ದಪ್ಪ ಕಾಲಿಗಿಂತ ಚುರುಕು ಕಾಲು ಮೇಲು.

ಒದೆಯುವ ಮೊದಲು ಮೊಣಕಾಲನ್ನು ಮಡಿಸುವುದೇಕೆ? ಉದ್ದನೆಯ ಕಬ್ಬಿನ ಜಲ್ಲೆಯನ್ನು ಒಂದು ತುದಿಯಲ್ಲಿ ಹಿಡಿದು ಬೀಸಿ. ಕಷ್ಟವಾಗುತ್ತದೆ. ಅದನ್ನೇ ಅರ್ಧಕ್ಕೆ ಮುರಿದು ಎರಡೂ ತುಂಡುಗಳನ್ನು ಒಟ್ಟಿಗೆ ಹಿಡಿದು ಬೀಸಿ. ತೂಕ ಅಷ್ಟೇ, ಆದರೂ ಸುಲಭ. ಮಡಿಸಿದ ಕಾಲು ಸುಲಭವಾಗಿ ತಿರುಗುವುದಕ್ಕೂ ಇದೇ ಕಾರಣ.

ಬೀಳದೆ ನಿಲ್ಲುವುದು ಹೇಗೆ?

ಎಡ ಭುಜ ಮತ್ತು ಎಡ ಪಾದದ ಅಂಚು ಗೋಡೆಗೆ ತಾಗುವಂತೆ ನಿಲ್ಲಿ. ಈಗ ಬಲಗಾಲನ್ನು ಪಕ್ಕಕ್ಕೆ ಎತ್ತಲು ಪ್ರಯತ್ನಿಸಿ. ಆಗುವುದಿಲ್ಲ! ಒಂಟಿ ಕಾಲಿನ ಮೇಲೆ ನಿಲ್ಲಬೇಕಾದರೆ ದೇಹದ ಗುರುತ್ವ ಕೇಂದ್ರ ಆ ಪಾದದ ನೇರಕ್ಕೆ ಬರಬೇಕು. ಗೋಡೆ ನಿಮ್ಮನ್ನು ಆ ಕಡೆಗೆ ವಾಲಲು ಬಿಡುವುದಿಲ್ಲ. ಆಟಗಾರರು ಒದೆಯುವಾಗ ಮೈಯನ್ನು ಹಿಂದಕ್ಕೆ ಬಾಗಿಸುವುದು ಇದಕ್ಕಾಗಿಯೇ. ಕಣ್ಣು, ಒಳಕಿವಿ, ಸ್ನಾಯುಗಳಿಂದ ಬರುವ ಸುದ್ದಿಗಳನ್ನು ಮಿದುಳು ಜೋಡಿಸಿ ಸಮತೋಲ ಕಾಯುತ್ತದೆ. ಅಭ್ಯಾಸದಿಂದ ಈ ಕೆಲಸ ಚುರುಕಾಗುತ್ತದೆ.

ಹೆಂಚು ಒಡೆಯಬೇಡಿ

ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಂಚು ಒಡೆಯುವುದನ್ನು ನೋಡಿ ಮನೆಯಲ್ಲಿ ಹಾಗೆ ಮಾಡಲು ಹೋಗಬೇಡಿ. ಹೆಂಚಿಗೆ ಮೇಲಿನಿಂದ ಪೆಟ್ಟು ಬಿದ್ದಾಗ ಅದರ ಕೆಳಭಾಗ ಹಿಗ್ಗುತ್ತದೆ. ಹೆಂಚು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಹಾಗಾಗಿ ಕಬ್ಬಿನಂತೆ ಎದುರು ಮಗ್ಗುಲಿನಿಂದ ಸೀಳುತ್ತದೆ. ಮರದ ಹಲಗೆಯಾದರೆ ನಾರಿನ ಎಳೆಯ ಉದ್ದಕ್ಕೆ ಸೀಳುವಂತೆ ಹಿಡಿಯುತ್ತಾರೆ. ಅಡ್ಡಲಾಗಿ ಹೊಡೆದರೆ ಹಲಗೆ ಉಳಿಯುತ್ತದೆ, ಮೂಳೆ ಮುರಿಯಬಹುದು. ನಿಮ್ಮ ವಯಸ್ಸಿನಲ್ಲಿ ಉದ್ದ ಮೂಳೆಗಳ ತುದಿಯ ಬಳಿ ಬೆಳೆಯುವ ಮೃದ್ವಸ್ಥಿಯ ಪದರ ಇರುತ್ತದೆ. ನೀವು ಎತ್ತರವಾಗುವುದು ಅದರಿಂದ. ಅದಕ್ಕೆ ಜೋರು ಪೆಟ್ಟು ಬಿದ್ದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು.

ಪ್ರಯೋಜನವೇನು?

5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಟ, ಕುಪ್ಪಳಿಕೆ, ಒದೆತಗಳಿಂದ ಹೃದಯ, ಸ್ನಾಯು, ಮೂಳೆಗಳು ಬಲಗೊಳ್ಳುತ್ತವೆ. ಆದರೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ಕಲಿಸುವವರು ಎದುರಿಗೆ ಇರಲೇಬೇಕು.

ಆತ್ಮರಕ್ಷಣೆಗೂ ಇದು ನೆರವಾಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿಗೆ ಅವಕಾಶವಿದೆ. ಟೇಕ್ವಾಂಡೊ ಕಲಿಯುವವರು ಒದೆಯುವಾಗ ಗಟ್ಟಿಯಾಗಿ ಕೂಗುತ್ತಾರೆ. ಉಸಿರು ಹೊರಬಿದ್ದಾಗ ಹೊಟ್ಟೆಯ ಸ್ನಾಯುಗಳು ಬಿಗಿಯಾಗುತ್ತವೆ. ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಹೆದರಿದಾಗ ಅನೇಕರಿಗೆ ದನಿಯೇ ಹೊರಡುವುದಿಲ್ಲ. ಕೂಗಿ ಅಭ್ಯಾಸವಿದ್ದರೆ ಅದು ಸುಲಭ. ಯಾರಾದರೂ ನಿಮ್ಮನ್ನು ಕೆಟ್ಟದಾಗಿ ಮುಟ್ಟಿದರೆ, ಎಳೆದರೆ, ಮೊದಲು ಗಟ್ಟಿಯಾಗಿ ಕೂಗಿ. ತಪ್ಪಿಸಿಕೊಂಡು ಜನರಿರುವ ಕಡೆಗೆ ಓಡಿ. ನಂಬಿಕೆಯ ಹಿರಿಯರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ತಪ್ಪಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಒದೆತ. ಗೆಳೆಯರ ಮೇಲಂತೂ ಎಂದಿಗೂ ಅಲ್ಲ.

ಮಾಡಿ ನೋಡಿ

30 ಸೆಂ.ಮೀ. ಅಳತೆಪಟ್ಟಿಯನ್ನು ಗೆಳೆಯರು ನೇರವಾಗಿ ಹಿಡಿಯಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಬೆರಳುಗಳನ್ನು ತಾಗಿಸದೆ ಇಟ್ಟುಕೊಳ್ಳಿ. ಅವರು ಹೇಳದೆ ಪಟ್ಟಿ ಬಿಡಲಿ, ನೀವು ಹಿಡಿಯಿರಿ. 10 ಸೆಂ.ಮೀ.ನಲ್ಲಿ ಹಿಡಿದರೆ ನಿಮ್ಮ ಪ್ರತಿಕ್ರಿಯೆಗೆ ಬೇಕಾದ ಕಾಲ ಸುಮಾರು 0.14 ಸೆಕೆಂಡು. 20 ಸೆಂ.ಮೀ. ಆದರೆ 0.20 ಸೆಕೆಂಡು. ಹತ್ತು ಸಲ ಮಾಡಿ ಬರೆದಿಡಿ. ಒಂದು ತಿಂಗಳು ದಿನವೂ ಆಟವಾಡಿ ಮತ್ತೆ ಅಳೆಯಿರಿ. ಏನಾದರೂ ಬದಲಾಯಿತೇ?